ತಪ್ಪಿನ ಪುಸ್ತಕದ ಕೊನೆಯ ಸಾಲು

ಮಾರ್ಚ್ ೧೪, ಶನಿವಾರ
ಮನೆಯಿಂದ

ಪ್ರೀತಿಯ ಕೊಂಬು,

ನಿನ್ನ ಪದವಿ ಪ್ರದಾನದ ಆಹ್ವಾನ ಪತ್ರಿಕೆ ಬಂದು ಹತ್ತೊಂಬತ್ತು ದಿನವಾಯಿತು. ಉತ್ತರಿಸಲು ತಡಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ಸಲ ಬರೆದೆ. ನಾಲ್ಕು ಸಲವೂ ನಾನೇ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹರಿದುಹಾಕಿದೆ. ಕರಡು ತಿದ್ದುವವಳ ಹಣೆಬರಹ ನೋಡು, ಸಿಟ್ಟಿನ ಕಾಗದದಲ್ಲೂ ಅಲ್ಪವಿರಾಮ ಹುಡುಕುತ್ತಾ ಕೂರುತ್ತೇನೆ. ಫೋನಿನಲ್ಲೇ ಹೇಳಿಬಿಡೋಣವೆಂದರೆ, ನೀನು "ಅಕ್ಕಾ" ಅಂದ ಕೂಡಲೇ ನಾನು ಕರಗಿಹೋಗುತ್ತೇನೆ. ಅದಕ್ಕೇ ಈ ಕಾಗದ.

ನಾನು ಆರೋಗ್ಯವಾಗಿದ್ದೇನೆ. ಕನ್ನಡಕದ ನಂಬರು ಮತ್ತೆ ಏರಿದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೊನೆಗೂ ನಿಂತಿತು. ಮಾವ ನಿನ್ನ ಆಹ್ವಾನ ಪತ್ರಿಕೆಯನ್ನು ತಮ್ಮ ಗಡಿಯಾರದ ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸಿಕೊಂಡು, ಸೆಲ್ ಹಾಕಿಸಲು ಬಂದವರಿಗೆಲ್ಲ ಓದಿ ಹೇಳುತ್ತಿದ್ದಾರೆ. ನಾಲ್ಕು ವರ್ಷದ ಹಿಂದೆ ನೀನು ಅರ್ಜಿ ತುಂಬುವಾಗ ಇದೇ ಮಾವ ಹೇಗೆ ಹಾರಾಡಿದ್ದರು! "ಕಂಪ್ಯೂಟರ್ ಓದೋಳಿಗೆ ಭಾಷಾಶಾಸ್ತ್ರ ಯಾಕಮ್ಮಾ? ಮೆಷಿನ್ನಿಗೆ ಸಂಧಿ ಸಮಾಸ ಹೇಳ್ಕೊಡ್ತೀಯೇನು?" ನೀನು ತಲೆಯೆತ್ತದೆ, "ಹೂಂ ಮಾವ, ಹೇಳ್ಕೊಡ್ತೀನಿ" ಅಂದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಆ ಅರ್ಜಿ ನನಗೆ ಚೆನ್ನಾಗಿ ನೆನಪಿದೆ. "ಎರಡನೆಯ ವಿಷಯ" ಎಂಬ ಖಾಲಿ ಜಾಗದಲ್ಲಿ ಸಂಗೀತ, ಇತಿಹಾಸ, ಅರ್ಥಶಾಸ್ತ್ರ, ಏನು ಬೇಕಾದರೂ ಬರೆಯಬಹುದಿತ್ತು. ನೀನು ಭಾಷಾಶಾಸ್ತ್ರ ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದೆ. "ಅರ್ಧ ನನಗೆ, ಅರ್ಧ ನಿನಗೆ ಅಕ್ಕಾ" ಅಂದೆ. ಹನ್ನೆರಡನೆಯ ತರಗತಿಗೇ ಓದು ನಿಲ್ಲಿಸಿ ಮುದ್ರಣಾಲಯ ಸೇರಿದವಳು ನಾನು. ಆ ಮಾತು ನನಗೆ ಎಷ್ಟು ದೊಡ್ಡದಾಗಿತ್ತು ಎಂದು ನಿನಗೆ ಗೊತ್ತಾಗಲಿಕ್ಕಿಲ್ಲ. ನಿನ್ನ ಮೊದಲ ವರ್ಷದ ವೇಳಾಪಟ್ಟಿ ಈಗಲೂ ಫ್ರಿಜ್ಜಿನ ಬಾಗಿಲ ಮೇಲಿದೆ. ಸೋಮವಾರ, ಬುಧವಾರ ಪ್ರೋಗ್ರಾಮಿಂಗ್. ಮಂಗಳವಾರ, ಗುರುವಾರ ಧ್ವನಿ, ಪದ, ವಾಕ್ಯ. ಮಂಗಳವಾರ ಬಂತೆಂದರೆ, ಈ ಹೊತ್ತಿಗೆ ಅವಳು ನನ್ನ ಅರ್ಧ ಓದುತ್ತಿರುತ್ತಾಳೆ ಎಂದುಕೊಂಡು ಮೇಜಿನ ಮುಂದೆ ಕೂರುತ್ತಿದ್ದೆ. "ಕಂಪ್ಯೂಟರ್ ಕಡೆಯವ್ರು ನಮ್ಮನ್ನ ಕವಿಗಳು ಅಂತಾರೆ, ಭಾಷೆ ಕಡೆಯವ್ರು ಮೆಕ್ಯಾನಿಕ್‌ಗಳು ಅಂತಾರೆ ಅಕ್ಕಾ, ಊಟದ ಹಾಲ್‌ನಲ್ಲಿ ಯಾರ ಪಕ್ಕ ಕೂರೋದು?" ಎಂದು ನೀನು ಕೇಳಿದ್ದನ್ನು ನಮ್ಮ ಮೇಷ್ಟ್ರಿಗೆ ಹೇಳಿ ನಗಿಸಿದ್ದೆ.

ಮೇಷ್ಟ್ರು ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಹದಿನೆಂಟರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಮೂಲಪ್ರತಿಯನ್ನು ನನ್ನಿಂದ ಜೋರಾಗಿ ಓದಿಸಿ, ತಾವು ಕರಡು ತಿದ್ದುತ್ತಿದ್ದವರು. "ಕಣ್ಣು ಮೋಸ ಮಾಡುತ್ತೆ, ಕಿವಿ ಮಾಡಲ್ಲ, ಓದು" ಎನ್ನುತ್ತಿದ್ದರು. ನನ್ನ ತಪ್ಪಿನ ಪುಸ್ತಕ ಶುರುವಾದದ್ದೂ ಅವರು ಹೇಳಿದ್ದರಿಂದಲೇ. ಎಡಗಡೆ ಜನ ಬರೆಯುವ ತಪ್ಪು, ಬಲಗಡೆ ಸರಿ, ಕೆಳಗೆ ಯಾಕೆ ತಪ್ಪುತ್ತಾರೆ ಎಂದು ಒಂದು ಸಾಲು. ನೂರ ಹನ್ನೆರಡು ಪುಟ, ಹದಿನಾರು ವರ್ಷ.

ಕಳೆದ ರಜೆಯಲ್ಲಿ ನೀನು ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡೆ. ಕಿಟಕಿಯ ಬೆಳಕಿಗೆ ಒಂದೊಂದೇ ಪುಟ ಹಿಡಿದವಳು ನಾನು, ಫೋಟೋ ತೆಗೆದವಳು ನೀನು. ನನ್ನ ಹೆಬ್ಬೆರಳು ಆ ಎಲ್ಲ ಚಿತ್ರಗಳಲ್ಲೂ ಇರಬೇಕು. ಕೊನೆಯ ಪುಟಗಳಿಗೆ ಬರುವಷ್ಟರಲ್ಲಿ ನಿನ್ನ ಬಸ್ಸಿಗೆ ಹೊತ್ತಾಗಿತ್ತು, ಪಟಪಟನೆ ಮುಗಿಸಿದೆ. ನಾನು ಬಾಯಿಬಿಟ್ಟು ಕೇಳಿದ್ದೆ, ಕೊಂಬು. "ಇದು ಯಾವ ಕಡೆ ವಿಷಯಕ್ಕೇ?" ನೀನು ನನ್ನ ಮುಖ ನೋಡಿಯೇ ಹೇಳಿದೆ. "ಭಾಷೆ ಕಡೆಗೆ ಅಕ್ಕಾ. ನಿನ್ನ ಅರ್ಧಕ್ಕೆ."

ಮೂರು ತಿಂಗಳ ಹಿಂದೆ ಯಜಮಾನರು ಕರಡು ವಿಭಾಗದ ಮೂವರನ್ನೂ ಕರೆದು ಒಂದು ಪರದೆಯ ಮುಂದೆ ಕೂರಿಸಿದರು. ಯಾವುದೋ ವಿಶ್ವವಿದ್ಯಾಲಯದಲ್ಲಿ ತಯಾರಾದ ತಪ್ಪು ತಿದ್ದುವ ಪ್ರೋಗ್ರಾಮು, ಪ್ರಯೋಗಕ್ಕೆ ಕೊಟ್ಟಿದ್ದಾರೆ ಎಂದರು. ಮುನ್ನೂರು ಪುಟ ಕೊಟ್ಟರೆ ಚಹಾ ಆರುವುದರೊಳಗೆ ತಿದ್ದಿ ಕೊಡುತ್ತದಂತೆ. ಕೊಟ್ಟೆವು. ತಿದ್ದಿತು. ಚೆನ್ನಾಗಿಯೇ ತಿದ್ದಿತು, ಸುಳ್ಳು ಹೇಳಲಾರೆ. ಮೇಷ್ಟ್ರು ಗಲ್ಲ ಕೆರೆದುಕೊಂಡು, "ಯಾರೋ ಕೆಲಸ ಗೊತ್ತಿರೋರೇ ಕಲಿಸಿದ್ದಾರೆ ಕಣಮ್ಮಾ" ಎಂದರು. ಆಗ ನನಗೆ ಹೊಳೆಯಲೇ ಇಲ್ಲ.

ಆಮೇಲೆ ಒಂದು ಕಾರ್ಖಾನೆಯ ಭದ್ರತಾ ಕೈಪಿಡಿ ಬಂತು. ಅರವತ್ತನಾಲ್ಕು ಪುಟ, ಪ್ರತಿ ಪುಟದ ನೆತ್ತಿಯ ಮೇಲೂ ಅದೇ ಪದ. ಪ್ರೋಗ್ರಾಮು ಅದನ್ನು ಅರವತ್ತನಾಲ್ಕು ಕಡೆಯೂ "ಬಧ್ರತಾ" ಎಂದು ತಿದ್ದಿಟ್ಟಿತ್ತು. ಪಕ್ಕದ ಮೇಜಿನವಳು ಬಿದ್ದು ಬಿದ್ದು ನಕ್ಕಳು. ಮೇಷ್ಟ್ರು, "ಇದ್ಯಾವ ಪುಣ್ಯಾತ್ಮ ಕಲಿಸಿದ್ನೋ!" ಅಂದರು. ಜನ "ಬದ್ರ" ಎಂದು ಬರೆಯುವುದನ್ನು ಸಾವಿರ ಸಲ ನೋಡಿದ್ದೇನೆ. ಆದರೆ ಬ ಅಕ್ಷರದ ಹೊಟ್ಟೆ ಸೀಳಬೇಕಾದಲ್ಲಿ ಅದನ್ನು ಬಿಟ್ಟು, ಪಕ್ಕದ ದ ಅಕ್ಷರದ ಹೊಟ್ಟೆ ಸೀಳುವವರನ್ನು ನಾನು ಈ ಜನ್ಮದಲ್ಲಿ ಕಂಡದ್ದು ಒಬ್ಬರನ್ನೇ.

ಅಮ್ಮನಿಗೆ ಅಕ್ಷರ ಕಲಿಸಿದ್ದು ನಾನು. ಆಗ ನನಗೆ ಹನ್ನೆರಡು. ನೀನು ಬೆರಳು ಚೀಪುತ್ತಾ ಅವಳ ತೊಡೆಯ ಮೇಲೆ ಕೂತಿರುತ್ತಿದ್ದೆ. ಎಷ್ಟು ತಿದ್ದಿದರೂ ಅವಳು ಆ ಸೀಳನ್ನು ಮುಂದಿನ ಅಕ್ಷರಕ್ಕೇ ಹಾಕುತ್ತಿದ್ದಳು. "ಎಲ್ಲಿದ್ರೇನೇ, ಸೀಳು ಇದ್ಯಲ್ಲ ಬಿಡೇ!" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಬೆಳಗಿನ ಐದಕ್ಕೇ ಹೊರಡುವವಳು, ಕ್ಯಾಲೆಂಡರಿನ ಹಳೆ ಹಾಳೆಯ ಬೆನ್ನಿಗೆ ಬರೆದು ಬಾಗಿಲಿಗೆ ಸಿಕ್ಕಿಸಿ ಹೋಗುತ್ತಿದ್ದಳು. "ಬಾಗಿಲು ಬಧ್ರ. ತಂಗಿ ಬಧ್ರ." ಅಷ್ಟೇ. ಅವಳು ಕೆಲಸದಲ್ಲೇ ಕುಸಿದು ತೀರಿಹೋದ ದಿನವೂ ಆ ಚೀಟಿ ಬಾಗಿಲಲ್ಲಿತ್ತು.

ತಪ್ಪಿನ ಪುಸ್ತಕದ ಕೊಟ್ಟಕೊನೆಯ ಹಾಳೆಯಲ್ಲಿ ಎಡಗಡೆ "ಭದ್ರ", ಬಲಗಡೆ "ಬಧ್ರ" ಇದೆ. ಅದು ಅಲ್ಲಿ ಯಾಕಿದೆ ಎಂದು ಜಗತ್ತಿನಲ್ಲಿ ಇಬ್ಬರಿಗೇ ಗೊತ್ತು ಎಂದುಕೊಂಡಿದ್ದೆ.

ಪ್ರೋಗ್ರಾಮಿನಲ್ಲಿ ದೂರು ಬರೆಯಲು ಒಂದು ಚೌಕವಿದೆ. "ಭದ್ರ ಎಂಬುದೇ ಸರಿ, ಇದು ಹೀಗೇಕೆ?" ಎಂದು ಕೇಳಿ, ಕೆಳಗೆ ಕರಡು ವಿಭಾಗ ಎಂದಷ್ಟೇ ಹಾಕಿದೆ. ಮೂರನೆಯ ದಿನ ಉತ್ತರ ಬಂತು. "ಕ್ಷಮಿಸಿ. ಈ ದೋಷ ಮೂಲ ಪಟ್ಟಿ ಬರೆದವರ ಅರಿವಿನ ಕೊರತೆಯಿಂದ ಬಂದದ್ದು. ಆ ಸಾಲನ್ನು ಅಳಿಸಲಾಗಿದೆ." ಕೆಳಗೆ ನಿನ್ನ ಹೆಸರು. ಹೆಸರಿನ ಮುಂದೆ ನಿನ್ನ ಎರಡೂ ವಿಷಯ.

ನೀನು ನನಗೆ ಮೋಸ ಮಾಡಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನನ್ನ ಅರ್ಧದ ಹೆಸರು ಹೇಳಿ ನನ್ನ ಪುಸ್ತಕವನ್ನು ನಿನ್ನ ಅರ್ಧಕ್ಕೆ, ಆ ಪ್ರೋಗ್ರಾಮಿಗೆ, ಸಾಗಿಸಿದೆ. ಕೇಳಿದ್ದರೆ ಕೊಡುತ್ತಿರಲಿಲ್ಲವೇ? ಮುದ್ರಣಾಲಯಕ್ಕೇ ಹೋಗುತ್ತದೆ ಎಂದು ಹೇಳಿದ್ದರೂ, ಒಂದು ದಿನ ಮುಖ ಊದಿಸಿಕೊಂಡಿದ್ದು ಮಾರನೆಯ ದಿನ ನಾನೇ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದೆ. ನೀನು ಭಾನುವಾರ ಮಧ್ಯಾಹ್ನ ಫೋನು ಮಾಡಿ "ಅಕ್ಕಾ, ಈ ಪದದಲ್ಲಿ ಜನ ಎಲ್ಲಿ ಎಡವ್ತಾರೆ?" ಎಂದು ಕೇಳಿದಾಗಲೆಲ್ಲ, ನನ್ನ ತಂಗಿಗೆ ನನ್ನ ಜೊತೆ ಮಾತಾಡುವ ಆಸೆ ಎಂದು ಹಿಗ್ಗುತ್ತಿದ್ದೆನಲ್ಲ, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಮೇಷ್ಟ್ರನ್ನು ಈ ತಿಂಗಳ ಮೊದಲ ದಿನದಿಂದ ಬರಬೇಡಿ ಎಂದರು. ಕೆಂಪು ಪೆನ್ನುಗಳನ್ನೆಲ್ಲ ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು, ಟೋಪಿ ಹಾಕಿಕೊಂಡು ಎದ್ದರು. ಮೆಟ್ಟಿಲಲ್ಲಿ ನಿಂತು, "ನಿನ್ನ ತಂಗಿ ಇಂಥದ್ದೇ ಓದ್ತಿರೋದಲ್ವೇನಮ್ಮಾ? ಕೇಳು ಅವಳನ್ನ, ನಮ್ಮಂಥೋರಿಗೂ ಏನಾದ್ರೂ ಉಳಿಸ್ತಾರಾ ಅಂತ" ಎಂದರು. ತಮಾಷೆಗೇ ಅಂದದ್ದು. ಅವರಿಗೆ ನಾನು ಇನ್ನೂ ಹೇಳಿಲ್ಲ. ದಿನಾ ಅವರ ಖಾಲಿ ಕುರ್ಚಿಯ ಎದುರು ಕೂತು, ನನ್ನದೇ ಪುಸ್ತಕ ತಿದ್ದಿದ್ದನ್ನು ಮತ್ತೆ ನಾನೇ ನೋಡುತ್ತಿದ್ದೇನೆ.

ಇನ್ನು ನಿನ್ನ ಆಹ್ವಾನದ ವಿಷಯ. ಮೊದಲ ಸಾಲಿನಲ್ಲಿ ನನಗೊಂದು ಕುರ್ಚಿ ಇದೆ, ಬರುವಾಗ ಹಳೆ ನೋಟ್‌ಬುಕ್ ತಂದರೆ ಪ್ರದರ್ಶನದಲ್ಲಿಡಬಹುದು ಎಂದು ಬರೆದಿದ್ದೀಯ. ಪುಸ್ತಕ ಬರುವುದಿಲ್ಲ. ನಾನೂ ಬರುವುದಿಲ್ಲ. ಕೆಲಸವಿದೆ ಎಂದು ನೆಪ ಹೇಳಬಹುದಿತ್ತು. ಒಂದೇ ಮನೆಯಲ್ಲಿ ಇಬ್ಬರೂ ಸುಳ್ಳು ಹೇಳುವುದು ಬೇಡ. ಆ ಕುರ್ಚಿಗೆ ಮೇಷ್ಟ್ರನ್ನು ಕರೆ. ನೀನೇ ಫೋನು ಮಾಡಿ, ಯಾಕೆ ಕರೆಯುತ್ತಿದ್ದೀಯ ಎಂದು ನೀನೇ ಹೇಳಿ ಕರೆ. ಬಂದರೆ ಅದು ಅವರ ದೊಡ್ಡತನ. ಮಾವ ಹೇಗೂ ಹೊಸ ಷರಟು ಹೊಲಿಸಿಕೊಂಡು ಹೊರಟೇಬಿಡುತ್ತಾರೆ. ಅವರಿಗೆ ಇದ್ಯಾವುದೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಸಿಟ್ಟಿದೆ ಎಂದು ಹರಸದೆ ಇರಲಾರೆ. ಓದಿದ ಎರಡೂ ವಿಷಯ ನಿನಗೆ ಒಲಿಯಲಿ. ನೀನು ಮುಟ್ಟಿದ ಕೆಲಸ ಕೈಗೂಡಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣು ಹಾಳುಮಾಡಿಕೊಳ್ಳಬೇಡ. ಬಾಗಿಲು ಭದ್ರ. ನೀನು ಭದ್ರ. ಸರಿಯಾದ ಕಾಗುಣಿತದಲ್ಲೇ ಬರೆದಿದ್ದೇನೆ, ನೋಡಿಕೋ.

ನಿನ್ನ
ಅಕ್ಕ

ಮರೆತಿದ್ದೆ: ಪುಸ್ತಕ ಕೊಡುವುದಿಲ್ಲ ಎಂದೆ, ಆದರೆ ಅದರ ಕಡೆಯ ಹಾಳೆಯನ್ನು ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ನೀನು ಅಳಿಸಿದ ಸಾಲು ಅದರಲ್ಲಿದೆ. ಪುಸ್ತಕವೆಲ್ಲ ನನ್ನ ಕೈಬರಹ, ಆ ಹಾಳೆಯೊಂದು ಬಿಟ್ಟು. ಅಮ್ಮ ತೀರಿಹೋದ ವಾರ, ನಾನು ಒಲೆಯ ಮುಂದಿದ್ದಾಗ, ಏಳು ವರ್ಷದ ಹುಡುಗಿಯೊಬ್ಬಳು ನನ್ನ ಕೆಂಪು ಪೆನ್ನು ಕದ್ದು ಬರೆದದ್ದು ಅದು. "ಹುಡುಗಿ" ಎಂದು ಬರೆಯಲು ಹೋಗಿ ಎರಡೂ ಕೊಂಬು ನುಂಗಿ "ಹಡಗಿ" ಎಂದು ಬರೆಯುತ್ತಿದ್ದಳಲ್ಲ, ಅವಳೇ. ಕೆಳಗಿನ ಸಾಲು ಓದು. "ನಮ್ಮ ಮನೆಗೆ ಇದೇ ಸರಿ. ಯಾರೂ ತಿದ್ದಬಾರದ" ಎಂದಿದೆ. ಕೊನೆಯ ಅಕ್ಷರಕ್ಕೆ ಕೊಂಬಿಲ್ಲ. ಹದಿನೈದು ವರ್ಷದಿಂದ ನಾನು ಅದನ್ನೂ ತಿದ್ದಿಲ್ಲ. ತಿದ್ದಬಾರದು ಎಂದು ನೀನೇ ಹೇಳಿದ್ದೆಯಲ್ಲ.