ಅಸಲಿ ಸನದು

೧೧ ಜನವರಿ ೧೯೫೭, ಶುಕ್ರವಾರ

ಕೆಮ್ಮು ಹಾಗೇ ಇದೆ. ಚಹಾ ಎರಡು ಸಲ ಆಯಿತು. ಮುನ್ನಿಬೀ ಹಾಲು ಕೊಟ್ಟು, ಬಾಗಿಲಲ್ಲೇ ನಿಂತು ಅರ್ಧ ಗಂಟೆ ಮಾತಾಡಿ ಹೋದಳು. ಕಮಲನಗರದಿಂದ ಅಳಿಯನ ಕಡೆಯವರು ಬರುತ್ತಾರಂತೆ, ನನ್ನ ಮಗಳು ಅನುಸೂಯಾಳನ್ನು ಕರೆದೊಯ್ಯಲು. ಎರಡನೇ ಹೆಂಡತಿ ಬಸುರಿ. ಮನೆಗೆಲಸಕ್ಕೆ ಜನ ಬೇಕು. ಬಿಟ್ಟು ಮೂರು ವರ್ಷದ ಮೇಲೆ ಮೊದಲ ಹೆಂಡತಿ ನೆನಪಾಗಿದ್ದಾಳೆ.

ಅನು ಒಲೆ ಊದುತ್ತಾ ಅಂದಳು, "ಅಪ್ಪಾ, ನನ್ನ ಕೈಯಾಗ ನಾಕು ದುಡ್ಡು ಬಂದ್ರ ಅವರು ಬಾಗಿಲ ಹೊರಗ ನಿಂತು ಮಾತಾಡ್ತಾರ. ಇಲ್ಲಂದ್ರ ಒಳಗ ಬಂದು ಕೂಡ್ತಾರ."

ಪೇಪರಿನಲ್ಲಿ ಜಾಹೀರಾತು. ನ್ಯೂ ಸ್ಟೇಟ್ ರೈಟರ್ಸ್ ಬ್ಯೂರೋ, ಬೆಂಗಳೂರು. ಹೈದರಾಬಾದ್ ಕಡೆಯ ದಫ್ತರಗಳು ಕನ್ನಡಕ್ಕೆ ಬರುತ್ತಿವೆ, ಮನೆಯಲ್ಲೇ ಕೂತು ನಕಲು ಬರೆಯುವವರು ಬೇಕು, ಹೆಂಗಸರೂ ಆಗಬಹುದು. ನಿಜವೇ ಇರಬೇಕು. ಮೈಸೂರು ರಾಜ್ಯಕ್ಕೆ ಸೇರಿ ಎರಡು ತಿಂಗಳು, ತಹಶೀಲಿನಲ್ಲಿ ಹಳೆಯ ಉರ್ದು ಕಟ್ಟುಗಳನ್ನು ಮುಟ್ಟುವವರಿಲ್ಲ. ಮೂವತ್ತು ವರ್ಷ ಅಲ್ಲಿ ರಿಕಾರ್ಡ್ ರೂಮಿನ ಮುಹಾಫಿಜ್ ಆಗಿದ್ದವನಿಗೆ ಗೊತ್ತಿಲ್ಲವೇ, ಎಷ್ಟು ಕಾಗದ ಇದೆ ಅಂತ.

ಅನುವಿನ ಕನ್ನಡ ಅಕ್ಷರ — ಪರ್ಲ್ಸ್. ಅವಳ ಅವ್ವ ಲಲಿತಾಬಾಯಿ ವಚನ ಬರೆಸಿ ಬರೆಸಿ ತಿದ್ದಿದ್ದು. ಲಲಿತಾಬಾಯಿ ತೀರಿಕೊಂಡು ಯುಗಾದಿಗೆ ನಾಲ್ಕು ವರ್ಷ.

ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಐ ಬೆಗ್ ಟು ಸ್ಟೇಟ್... ಮುಂದಿನದು ನೆನಪಾಗುವಷ್ಟರಲ್ಲಿ ಮಧ್ಯಾಹ್ನ. ಕಾಲೇಜಿನ ಒಂದೂವರೆ ವರ್ಷದಲ್ಲಿ ಇಷ್ಟೇ ಉಳಿದದ್ದು.

೨೪ ಜನವರಿ, ಗುರುವಾರ

ಉತ್ತರ ಬಂತು. ಅಚ್ಚು ಹಾಕಿದ ಲೆಟರ್‌ಹೆಡ್. ನೇರಳೆ ಮೊಹರು. ಕೊನೆಗೆ — ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್. ಲುಚ್ಚರು ಹೀಗೆ ಬರೆಯುವುದಿಲ್ಲ. ಇಪ್ಪತ್ತೈದು ರೂಪಾಯಿ ಡಿಪಾಜಿಟ್ ಇಡಬೇಕು. ಇಲ್ಲವೇ ಏಳನೇ ಇಯತ್ತೆ ಪಾಸಾದ ಸರ್ಟಿಫಿಕೇಟು, ಅನುವಿನ ಸನದು, ಅಸಲಿ.

ಅನು ಅಂದಳು, "ಅಸಲಿ ಬ್ಯಾಡ್ರಿ ಅಪ್ಪಾ. ನಕಲ ಬರ್ದು ಕೊಡ್ತೇನಿ, ಅದೇ ಕಳಸ್ರಿ."

ಬರೆದು ಕೊಟ್ಟಳು. ಲಕೋಟೆ ಮುಚ್ಚಿದವನು ನಾನು. ಒಳಗೆ ಅಸಲಿ ಇಟ್ಟೆ. ಹೇಳಿಲ್ಲ. ನಕಲು ನೋಡಿ ಕೆಲಸ ಕೊಡದಿದ್ದರೆ? ಕಚೇರಿಗೆ ಕೊಟ್ಟ ಅಸಲಿ ಕಾಗದ ಬೆನ್ನಿಗೆ ಮೊಹರು ಹಾಕಿಸಿಕೊಂಡು ತಿರುಗಿ ಬರುತ್ತದೆ. ನಮ್ಮಲ್ಲಿ ಹಾಗೇ ಇತ್ತು. ನನ್ನ ಕೈಯಲ್ಲಿ ಯಾರದೂ ಕಳೆದಿಲ್ಲ. ಒಂದೂ.

ಟಪಾಲಿನ ಬಾಬುಮಿಯಾ ವಿಳಾಸ ಓದಿ ತಲೆ ಎತ್ತಿದ. "ಮುಹಾಫಿಜ್ ಸಾಬ್, ಈ ಪತ್ತಾಕ್ಕ ರಜಿಸ್ಟರ್ ಇದು ನಾಲ್ಕನೇದು. ಹೋಗೋದು ನೋಡೀನಿ. ರಜಿಸ್ಟರ್ ತಿರುಗಿ ಬರೋದು ನೋಡಿಲ್ಲ."

"ನಿನಗ ಇಂಗ್ಲಿಷ್ ಬರ್ತದೇನು?"

"ಇಲ್ರಿ. ಬರೇ ಲಕೋಟೆ ಎಣಸ್ಲಿಕ್ಕ ಬರ್ತದ."

ನಕ್ಕ. ನಾನು ನಗಲಿಲ್ಲ.

೯ ಫೆಬ್ರವರಿ, ಶನಿವಾರ

ನಕಲು ಮಾಡಲು ಬ್ಯೂರೋದ ಬಂಡಲು ಬಂದು ಆರು ದಿನ. ಅರವತ್ತು ಪುಟ. ಬರೆದದ್ದನ್ನು ಕಾಟು ಹೊಡೆಯುವಂತಿಲ್ಲ. ಹತ್ತಕ್ಕಿಂತ ಹೆಚ್ಚು ತಪ್ಪಾದರೆ ಮಜೂರಿ ಇಲ್ಲ.

ಅನು ಬೆಳಗಿನಿಂದ ಕಿಟಕಿಯ ಬಳಿ. ಮಧ್ಯಾಹ್ನ ಮುಕಾಬಲಾ. ಅವಳು ಮೂಲ ಓದುವುದು, ನಾನು ನಕಲಿನ ಮೇಲೆ ಬೆರಳಿಟ್ಟು ಹೋಗುವುದು. ತಹಶೀಲಿನ ಪದ್ಧತಿ. ಒಬ್ಬ ಓದಿ ಇನ್ನೊಬ್ಬ ನೋಡದೆ ನಕಲಿಗೆ ಸಹಿ ಬೀಳುತ್ತಿರಲಿಲ್ಲ.

"ನಿಧಾನ ಓದವ್ವಾ."

"ನಿಮ್ಮ ಬೆರಳೇ ನಿಧಾನ ಅದರಿ. ನಿಮ್ಮ ಕಚೇರಿಯಾಗ ಒಂದು ನಕಲಿಗೆ ಆರು ತಿಂಗಳು ಯಾಕ ಹಿಡೀತಿತ್ತು, ಈಗ ತಿಳೀತು."

ಬಹಳ ದಿನದ ಮೇಲೆ ಈ ಮನೆಯಲ್ಲಿ ನಗು. ಎರಡು ತಪ್ಪು ಸಿಕ್ಕವು. ಆ ಎರಡೂ ಹಾಳೆ ಹೊಸದಾಗಿ ಬರೆದಳು. ಈಗ ತಪ್ಪು ನಿಲ್. ನಿಲ್ ಅಂದರೆ ನಿಲ್.

೪ ಮಾರ್ಚ್, ಸೋಮವಾರ

ಎರಡು ಟಪಾಲು ಒಟ್ಟಿಗೆ.

ಒಂದು ಅನುವಿಗೆ. ಔರಾದ ತಾಲೂಕು ಸಂತಪುರದಲ್ಲಿ ಕನ್ನಡ ಸಾಲಿ ತೆರೆಯುತ್ತಾರೆ, ಕಲಿಸುವವರು ಬೇಕು. ನನಗೂ ಹೇಳದೆ ಅರ್ಜಿ ಹಾಕಿದ್ದಾಳೆ. ಹದಿನೆಂಟಕ್ಕೆ ಇಲ್ಲೇ ಬೀದರಿನಲ್ಲಿ ಇಂಟರ್‌ವ್ಯೂ. ಅಸಲಿ ಸನದು ತರಬೇಕು, ತರದವರನ್ನು ಒಳಗೆ ಕರೆಯುವುದಿಲ್ಲ.

ಇನ್ನೊಂದು ಬ್ಯೂರೋದ್ದು. ತರ್ಟಿ-ಸೆವೆನ್ ಮಿಸ್ಟೇಕ್ಸ್. ಬ್ರೀಚ್ ಆಫ್ ಕಾಂಟ್ರಾಕ್ಟ್. ಐವತ್ತು ರೂಪಾಯಿ ದಂಡ ಕಳಿಸಿದರೆ ಸನದು ವಾಪಸ್. ಇಲ್ಲದಿದ್ದರೆ ಕೋರ್ಟು. ಕೆಳಗೆ ಅದೇ ಒಬೀಡಿಯಂಟ್ ಸರ್ವೆಂಟ್.

ಮೂವತ್ತೇಳು. ನಾನು ಬೆರಳಿಟ್ಟು ನೋಡಿದ ಪುಟಗಳಲ್ಲಿ. ಕಟ್ಟು ಬಿಚ್ಚಿಯೇ ನೋಡಿಲ್ಲ ಅವರು. ಹೋಗಲಿ, ದಫ್ತರವೇ ಇಲ್ಲ ಅಲ್ಲಿ... ಒಂದು ಮೊಹರು ಮಾತ್ರ ಇದೆ.

"ಅಪ್ಪಾ, ಟ್ರಂಕಿನಾಗ ಸನದು ಕಾಣವಲ್ದು?"

"ನನ್ನ ಹತ್ರ ಅದ. ಭದ್ರ ಅದ."

ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಅಂತ ಗೊತ್ತಿರಲಿಲ್ಲ.

೧೨ ಮಾರ್ಚ್, ಮಂಗಳವಾರ

ಮೋಸ ಅಂತ ಗೊತ್ತಿದ್ದೂ ಐವತ್ತು ಕಳಿಸಿದ್ದೆ. ಲಲಿತಾಬಾಯಿಯ ಬೋರಮಾಳ ಸರ ಒತ್ತೆ ಇಟ್ಟು. ಏನು ಮಾಡಲಿ, ಕಾಗದ ಅವರ ಕೈಯಲ್ಲಿದೆ.

ಇವತ್ತು ಬಾಬುಮಿಯಾ ಮನಿ ಆರ್ಡರ್ ವಾಪಸ್ ತಂದ. ಲೆಫ್ಟ್ ವಿದೌಟ್ ಅಡ್ರೆಸ್.

"ದುಡ್ಡರೆ ಉಳೀತಲ್ರಿ," ಅಂದ. ಸಹಿ ಹಾಕಿಸಿಕೊಂಡು, ನನ್ನ ಮುಖ ನೋಡಿ, ದನಿ ತಗ್ಗಿಸಿದ. "ನಿಮ್ಮ ಬೇಟಿದು ಅಸಲಿ ಕಾಗದ ಹಾಕಿದ್ರೇನ್ರಿ ಅದ್ರಾಗ?"

ಹೌದು ಅಂತ ತಲೆ ಆಡಿಸಿದೆ. ಅವತ್ತೇ ಹೇಳಿದ್ನಲ್ಲ ಅಂತ ಅವನು ಅನ್ನಬಹುದಿತ್ತು. ಸೈಕಲ್ ತಳ್ಳಿಕೊಂಡೇ ಹೋದ, ಹತ್ತಲಿಲ್ಲ.

೧೪ ಮಾರ್ಚ್, ಗುರುವಾರ

ಭಾಲ್ಕಿಗೆ ಹೋಗಿ ಬಂದೆ, ರೈಲಿಗೆ. ಅನು ಚಿಕ್ಕಮ್ಮನ ಮನೆಯಲ್ಲಿದ್ದು ಕಲಿತ ಸಾಲಿ. ಅಸಲಿ ಟಪಾಲಿನಲ್ಲಿ ಹೋದ ಕಥೆ ಹೇಳಿ ಎರಡನೇ ಪ್ರತಿ ಕೇಳಿದೆ. ನಲವತ್ತೆಂಟರ ಪೊಲೀಸ್ ಆಕ್ಷನ್ ಗದ್ದಲದಲ್ಲಿ ಸಾಮಾನು ಎರಡು ಸಲ ಜಾಗ ಬದಲಿಸಿತಂತೆ, ಆ ವರ್ಷದ ರಜಿಸ್ಟರು ಎಲ್ಲೋ ಹೋಗಿದೆ.

ಗುಮಾಸ್ತ ಕೇಳಿದ, "ಪತ್ತೆ ಇಲ್ಲದವರಿಗೆ ಅಸಲಿ ಯಾರರೆ ಕಳಸ್ತಾರೇನ್ರಿ?"

"ಒಬ್ಬ ಮುದುಕ ಕಳಿಸ್ಯಾನ."

"ತಲಿ ಇಲ್ಲದವ."

"ಹೌದು," ಅಂದೆ.

ಬರುವಾಗ ಹಲಬರ್ಗಾ ಸ್ಟೇಷನ್ ದಾಟುವವರೆಗೆ ಟಿಕೇಟು ಮುಷ್ಟಿಯಲ್ಲೇ ಇತ್ತು. ಒದ್ದೆಯಾಗಿತ್ತು.

೧೭ ಮಾರ್ಚ್, ರವಿವಾರ

ಹಳೆಯ ಕಟ್ಟಿನಲ್ಲಿ ಆ ಕಾಲದ ಖಾಲಿ ಹಾಳೆ ಒಂದಿತ್ತು. ಅನು ಮುನ್ನಿಬೀ ಮನೆಗೆ ಹೋದಾಗ ಕೂತೆ. ಉರ್ದು ಬರಹ ಬಂತು. ಹೆಡ್‌ಮಾಸ್ತರರ ಸಹಿ ಬಂತು. ಮೊಹರೂ ಬಂತು — ಹ್ಯಾಂಗ ಅಂತ ಬರೆಯುವುದಿಲ್ಲ. ಯಾರೂ ಗುರುತಿಸಲಾರರು. ಆದರೆ ಇಂಥ ಕಾಗದ ಹಿಡಿದು ಮೂರು ಜನರನ್ನು ಜೇಲಿಗೆ ಕಳಿಸಿದವನು ನಾನೇ. ಅವರೂ ಹೀಗೇ ಅಂದುಕೊಂಡಿದ್ದರು. ಸಿಕ್ಕರೆ ಹೆಸರು ಅವಳದು, ನನ್ನದಲ್ಲ.

ಒಲೆಗೆ ಹಾಕಿದೆ.

ಸಂಜೆ ಕಮಲನಗರದಿಂದ ಅಳಿಯನ ಸೋದರಮಾವ ಬಸವಣ್ಣೆಪ್ಪ ಬಂದ. ಅನು ಚಾಪೆ ಕಟ್ಟೆಯ ಮೇಲೆ, ಹೊರಗೇ ಹಾಸಿದಳು. "ನಾಳಿ ನೌಕರಿ ಮಾತು ಅದರಿ ಮಾಮಾ. ಆಯ್ತಂದ್ರ ನಾ ಸಂತಪುರಕ್ಕ. ಆಗ್ಲಿಲ್ಲಂದ್ರ ನಿಮ್ಮ ಸಂಗಾಟ ರೈಲಿಗೆ."

ಅವನು ಎಲೆ ಅಡಿಕೆ ತೆಗೆದ. "ಆಗಲಿ ತಂಗಿ. ಮಾತು ಮಾತು. ಗಂಟು ಕಟ್ಟಿ ಇಟ್ಟಿರು, ಎರಡೂ ಕಡಿಗೆ ಬೇಕಾಗ್ತದ."

ಒಳಗೆ ಬಂದು ನನಗೆ ಅಂದಳು, "ಹೆದರಬ್ಯಾಡ್ರಿ. ಸನದು ಅದ, ಅಕ್ಷರ ಅದ. ಮತ್ತೇನು ಕೇಳ್ತಾರ?"

ಆಗಲೇ ಹೇಳಬೇಕಿತ್ತು. ಊಟ ಆಗಲಿ ಅಂತ ಮುಂದೂಡಿದೆ.

೧೮ ಮಾರ್ಚ್, ಸೋಮವಾರ. ಬೆಳಿಗ್ಗೆ ಎಂಟು

ಅನು ತನ್ನ ಅವ್ವನ ಇಳಕಲ್ ಸೀರೆ ಉಟ್ಟಿದ್ದಾಳೆ. ಗಂಟು ಬಾಗಿಲ ಹತ್ತಿರ. ಕಟ್ಟೆಯ ಮೇಲೆ ಬಸವಣ್ಣೆಪ್ಪ ಬಾಯಿ ಮುಕ್ಕಳಿಸುವ ಸಪ್ಪಳ.

ಮೂರು ಸಲ ಕರೆದಳು. "ಅಪ್ಪಾ, ಸನದು ತರ್ರಿ. ಹೊತ್ತಾಗ್ತದ."

ಬಂದೆ ಅಂದೆ.

ನನ್ನ ಮುಂದೆ ಅವಳು ಬರೆದ ಸನದಿನ ನಕಲು. ಕಳಸ್ರಿ ಅಂದದ್ದು, ನಾನು ಕಳಿಸದೆ ಇಟ್ಟುಕೊಂಡದ್ದು. ಬೆರಳಿಟ್ಟು ನೋಡಿದೆ, ಒಂದು ತಪ್ಪಿಲ್ಲ. ಪಕ್ಕದಲ್ಲಿಟ್ಟು ಮುಕಾಬಲಾ ಮಾಡಲು ಅಸಲಿ ಇಲ್ಲ.

ಬಾಗಿಲ ತನಕ ಎಂಟು ಹೆಜ್ಜೆ. ಹೇಳುವುದು ಒಂದೇ ಮಾತು. ಮೊದಲು ಇಲ್ಲಿ ಬರೆದುಕೊಂಡರೆ ಬಾಯಿಗೆ ಬಂದೀತು —

ಅನೂ, ಅವ್ವಾ, ಅವತ್ತು ಆ ಲಕೋಟೆಯೊಳಗ ನಾನು