ನಮ್ಮ ನಡುವಿನ ಬಾಗಿಲಿಗೆ ಇಟ್ಟಿಗೆ ಬೇಡ

ಮಾನ್ಯ ವಸತಿ ಅಧಿಕಾರಿಗಳೇ,

ನನ್ನ ಗಂಡ ನನ್ನನ್ನು ತೊರೆದಿದ್ದಾರೆಂಬ ಸುದ್ದಿ ನನಗೆ ತಿಳಿದದ್ದು ನಿಮ್ಮ ನೋಟೀಸಿನಿಂದ. ಅದನ್ನು ಜೋರಾಗಿ ಓದಿ ಹೇಳಿದವರೂ ನನ್ನ ಗಂಡನೇ. ಅರ್ಧ ಓದಿ, ಕನ್ನಡಕ ತೆಗೆದು, "ಲೇ, ನಿನ್ನ ಬಿಟ್ಟು ನಾನು ಎಲ್ಲಿಗೆ ಹೋದೆ ಅಂತ ಬರೆದೇ ಇಲ್ಲವಲ್ಲೇ" ಎಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಉಳಿದರ್ಧ ಓದಿದ ಮೇಲೆ ನಗು ನಿಂತಿತು. ನಾವಿರುವ ಎರಡು ಕೋಣೆಗಳು ಇನ್ನು ಎರಡು ಪ್ರತ್ಯೇಕ ಸಂಸಾರಗಳಂತೆ. ಆದ್ದರಿಂದ ನಡುವಿನ ಬಾಗಿಲನ್ನು ಬರುವ ಸೋಮವಾರ ಇಟ್ಟಿಗೆ ಕಟ್ಟಿ ಮುಚ್ಚುತ್ತೀರಂತೆ. ಈ ಪತ್ರ ಆ ಬಾಗಿಲಿನ ಸಲುವಾಗಿ.

ಕಥೆ ಹೇಳದೆ ವಾದ ಮಾಡುವುದು ನನಗೆ ಬಾರದು. ನಮ್ಮಜ್ಜಿ ದಾರಿ ಕೇಳಿದವರಿಗೂ ಒಂದು ಕಥೆ ಹೇಳಿಯೇ ದಾರಿ ತೋರಿಸುತ್ತಿದ್ದವಳು. ಒಂದಾನೊಂದು ಬೀದಿಯಲ್ಲಿ ಒಬ್ಬರು ಗಡಿಯಾರ ರಿಪೇರಿಯವರೂ ಒಬ್ಬಳು ದರ್ಜಿಯೂ ಮದುವೆಯಾಗಿ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದರು. ಗೋಡೆಯ ತುಂಬ ಅವರ ಗಡಿಯಾರಗಳು, ಅದೇ ಗೋಡೆಗೆ ತಾಗಿ ನನ್ನ ಹೊಲಿಗೆ ಯಂತ್ರ. ನಾನು ತುಳಿದರೆ ಗೋಡೆ ನಡುಗುವುದು, ಗೋಡೆ ನಡುಗಿದರೆ ಗಡಿಯಾರ ಹಿಂದೆ ಬೀಳುವುದು. ಹಿಂದೆ ಬಿದ್ದದ್ದನ್ನು ಅವರು ಚುರುಕು ಮಾಡಿ, ಸರಿಹೋಯಿತೆಂದು ಗಿರಾಕಿಗೆ ಒಪ್ಪಿಸುವುದು. ಗಿರಾಕಿಯ ಮನೆಯಲ್ಲಿ ನನ್ನ ಯಂತ್ರ ಎಲ್ಲಿಂದ ಬರಬೇಕು? ಅಲ್ಲಿಗೆ ಹೋದ ಗಡಿಯಾರ ಕಡಿವಾಣ ಕಿತ್ತ ಕುದುರೆ. ಶಾಲೆಯ ಹೆಡ್‌ಮಾಸ್ತರು ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. "ನಿಮ್ಮನೇಲಿ ಸರಿಯಾಗೇ ನಡೀತಿತ್ತು, ಅಲ್ಲಿ ಓಡ್ತಾ ಇದೆ. ಮಧ್ಯಾಹ್ನದ ಊಟ ಬೆಳಗ್ಗೇನೇ ಮುಗೀತಾ ಇದೆ ಸ್ವಾಮಿ. ಇದರ ಜೊತೆ ನಿಮ್ಮ ಮನೆಯವರನ್ನೂ ಕಳಿಸಿಕೊಡ್ತೀರೋ ಹೇಗೆ?" ಎಂದರು. ನನ್ನ ಪಾಡೇನು ಕಡಿಮೆಯೇ? ಹನ್ನೆರಡು ಹೊಡೆಯಲು ಶುರುವಾದರೆ ಒಂದರ ಬಾಲ ಹಿಡಿದು ಇನ್ನೊಂದು ಹೊಡೆದುಕೊಳ್ಳುತ್ತಿದ್ದವು. ಬೆಚ್ಚಿಬಿದ್ದು ಒಬ್ಬ ವಕೀಲರ ಜೇಬಿನ ಬಾಯನ್ನೇ ಹೊಲಿದುಬಿಟ್ಟಿದ್ದೆ.

ಅದಕ್ಕೇ ಪಕ್ಕದ ಕೋಣೆಯನ್ನೂ ಹಿಡಿದೆವು. ನಿಮ್ಮ ಕುರ್ಚಿಯಲ್ಲಿ ಆಗ ಕೂತಿದ್ದವರ ಒಪ್ಪಿಗೆ ಪಡೆದೇ ಬಾಗಿಲು ಇಡಿಸಿದೆವು. ಗಡಿಯಾರಗಳು ಆಚೆ ಕೋಣೆಯ ದೂರದ ಗೋಡೆ ಸೇರಿದವು. ಅಂದಿನಿಂದ ನಮ್ಮಲ್ಲೊಂದು ಪದ್ಧತಿ: ಬಾಗಿಲಿಗೆ ಚಿಲಕವಿಲ್ಲ, ಆದರೆ ತಟ್ಟದೆ ಯಾರೂ ಬರುವಂತಿಲ್ಲ. ನನ್ನ ಯಂತ್ರ ನಿಂತದ್ದು ಕೇಳಿದರೆ ಸಾಕು, ಅವರು ಎದ್ದು, ಇರುವ ನಾಲ್ಕು ಕೂದಲನ್ನು ಬಾಚಿಕೊಂಡು ತಟ್ಟುತ್ತಾರೆ.

"ಯಾರದು?"

"ಪಕ್ಕದ ಮನೆಯವನು. ಟೀ ಸಿಗುತ್ತೇನೋ ಅಂತ."

"ಯಾಕೆ, ಹೆಂಡತಿ ಮಾಡಿಕೊಡಲ್ವಾ?"

"ಅವಳ ಟೀ ಕುಡಿಯೋಕಾಗಲ್ಲ ತಾಯಿ, ಅದಕ್ಕೇ ಇಲ್ಲಿಗೆ ಬಂದೆ."

ಮಕ್ಕಳು ದೊಡ್ಡವರಾಗಿ ಹೋದರು, ಈ ಮಾತು ಮಾತ್ರ ಇನ್ನೂ ಹಳಸಿಲ್ಲ. ಒಂದೇ ಕೋಣೆಯಲ್ಲಿ ಇದ್ದಿದ್ದರೆ ಹಳಸುತ್ತಿದ್ದದ್ದು ಮಾತೊಂದೇ ಅಲ್ಲ, ಮಾನ್ಯರೇ.

ಹೀಗಿರುವಾಗ ನಿಮ್ಮ ತನಿಖೆಯವರು ಬಂದರು. ನನ್ನ ಕೋಣೆಯಲ್ಲಿ ಒಂದು ಮಂಚ, ಒಂದು ದಿಂಬು ಕಂಡರು. "ಯಜಮಾನರು?" "ಆ ಕಡೆ." "ಜಗಳವಾ?" "ದಿನಾ." ಸತ್ಯ ಹೇಳಬೇಕಲ್ಲವೇ? ಅವರು ಮರುಕದಿಂದ ನನ್ನನ್ನು ನೋಡಿ 'ಪರಿತ್ಯಕ್ತೆ' ಎಂದು ಬರೆದುಕೊಂಡರು. ಆಚೆ ಹೋಗಿ ನನ್ನ ಗಂಡನನ್ನು 'ಏಕಾಂಗಿ' ಎಂದು ಬರೆದರು. ಬಾಗಿಲು ಒಂದೇ, ದೂರವೂ ಒಂದೇ. ಈ ಕಡೆಯವಳು ಬೀದಿಪಾಲು, ಆ ಕಡೆಯವರು ತಪಸ್ವಿ! ಅವರನ್ನು ಬಿಟ್ಟವಳು ನಾನೇ ಇರಬಹುದೆಂದು ನಿಮ್ಮ ಇಲಾಖೆಯಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ? ಏಕಾಂಗಿಯಾದಾಗಿನಿಂದ ಅವರು ಮೀಸೆಗೆ ಬಣ್ಣ ಹಚ್ಚುತ್ತಿದ್ದಾರೆ. ಆ ಖರ್ಚನ್ನು ನಿಮ್ಮ ಕಚೇರಿಯೇ ಕೊಡಬೇಕು.

ಬೇರೆಯಾಗಿ ಇರುವುದಕ್ಕೆ ನಿಮ್ಮಲ್ಲಿರುವುದು ಎರಡೇ ಪದವೇ? ನಮ್ಮಜ್ಜಿಯ ಬಾಯಲ್ಲಿ ಅಂಥ ಪದಗಳ ಒಂದು ಗಂಟೇ ಇತ್ತು. ಬಿತ್ತನೆಗೆಂದು ತೆಗೆದ ಕಾಳು ಮೀಸಲು. ಹೆಪ್ಪಿಗೆಂದು ಉಳಿಸಿದ ಮೊಸರು ಎತ್ತಿಟ್ಟದ್ದು. ಹಿಂಡಿನಿಂದ ಅಗಲಿದ ಕುರಿಯನ್ನು ಹುಡುಕಿಕೊಂಡು ಹೋಗಬೇಕು. ಮುನಿಸಿಕೊಂಡು ಹಿತ್ತಲಲ್ಲಿ ಒಂಟಿಯಾಗಿ ಕೂತ ತಾತನನ್ನು ಎರಡು ಸಲ ಊಟಕ್ಕೆ ಕರೆದರಾಯಿತು. ಮರದಡಿ ತಾನಾಗಿ ಹೋಗಿ ಕೂತವರದು ಏಕಾಂತ, ಅವರನ್ನು ಮಾತ್ರ ಕರೆಯಬಾರದು. ಹೆಪ್ಪಿನ ಮೊಸರನ್ನು ಎತ್ತಿಟ್ಟವಳು ಮೊಸರನ್ನು ತೊರೆದಳೆಂದು ಯಾರಾದರೂ ಹೇಳುತ್ತಾರೆಯೇ? ನಾಳಿನ ಗಡಿಗೆ ತುಂಬುವುದೇ ಅದರಿಂದ. ನನ್ನ ಕಸುಬನ್ನೇ ನೋಡಿ. ತೋಳನ್ನು ಬೇರೆಯಾಗಿ ಕತ್ತರಿಸದೆ ಅಂಗಿ ಹೊಲಿಯಲಾಗದು. ಹಾಗೆ ಕತ್ತರಿಸಿದ್ದನ್ನು ಕಂಡು, ಈ ತೋಳಿಗೂ ಅಂಗಿಗೂ ಸಂಬಂಧ ಕಡಿಯಿತು ಎಂದು ಷರಾ ಬರೆಯುವವರು ಚಳಿಗಾಲದಲ್ಲಿ ಏನು ತೊಡುತ್ತಾರೆ?

ನಿನ್ನೆ ನಿಮ್ಮ ಗಾರೆಯವನು ಅಳತೆಗೆ ಬಂದಿದ್ದ. ಒಳ್ಳೆಯವನು. "ಅಕ್ಕಾ, ಗಿಲಾವು ಎರಡೂ ಕಡೆ ಮಾಡಬೇಕಂತೆ. ಟೀ ಮಾತ್ರ ಈ ಕಡೇಲೇ ತಾನೇ ಸಿಗೋದು?" ಎಂದು ಕೇಳಿದ. ನಗುತ್ತಲೇ ಟೀ ಕೊಟ್ಟೆ. ಅವನು ಹೋದ ಮೇಲೆ ಆಚೆ ಕಡೆ ಸದ್ದಿಲ್ಲ. ಪದ್ಧತಿ ಮುರಿದು, ತಟ್ಟದೆ ಬಾಗಿಲು ತೆರೆದೆ. ನಮ್ಮೆಜಮಾನರು ಬಾಗಿಲಿಗೆ ಕಿವಿಯಾನಿಸಿ ನಿಂತಿದ್ದರು. "ಇಟ್ಟಿಗೆ ಕಟ್ಟಿದ ಮೇಲೆ ನಿನ್ನ ಯಂತ್ರ ನಿಂತದ್ದು ಕೇಳಿಸುತ್ತದೇನೇ?" ಎಂದರು.

ಆದ್ದರಿಂದ ನನ್ನ ಬೇಡಿಕೆ: ಸೋಮವಾರದ ಇಟ್ಟಿಗೆಯನ್ನು ನಿಲ್ಲಿಸಿ, 'ಪರಿತ್ಯಕ್ತೆ' ಎಂಬ ಆ ಪದವನ್ನು ಹೊಡೆದುಹಾಕಿ. ಇಲ್ಲವಾದರೆ ನಿಮ್ಮ ಮಾತಿಗೆ ತಲೆಬಾಗಿ ನಾವು ಲಕ್ಷಣವಾದ ದಂಪತಿಯಂತೆ ಮತ್ತೆ ಒಂದೇ ಕೋಣೆ ಸೇರುತ್ತೇವೆ, ಯಂತ್ರ ಗಡಿಯಾರ ಸಮೇತ. ನಿಮಗೆ ನೆನಪಿರಬಹುದು, ನಿಮ್ಮ ಕಚೇರಿಯ ದೊಡ್ಡ ಗಡಿಯಾರ ರಿಪೇರಿಗೆಂದು ಸದ್ಯ ನಮ್ಮಲ್ಲೇ ಇದೆ. ಅದೂ ನನ್ನ ಯಂತ್ರದ ಪಕ್ಕದಲ್ಲೇ ತಯಾರಾಗುತ್ತದೆ. ಗಡಿಯಾರ ಮುಂದೆ ಓಡಿದರೆ ಬೇಗ ಮನೆಗೆ ಹೋಗಬಹುದೆಂದು ಹಿಗ್ಗಬೇಡಿ. ಬೆಳಗ್ಗೆಯೂ ಅಷ್ಟೇ ಬೇಗ ಬರಬೇಕಾಗುತ್ತದೆ.

ಸೋಮವಾರದೊಳಗೆ ನೀವೇ ಬಂದು ಅದನ್ನು ಒಯ್ಯಿರಿ. ಮೊದಲು ನನ್ನ ಕೋಣೆಗೆ ಬನ್ನಿ, ಗಡಿಯಾರ ಇರುವುದು ಆಚೆ. ನಡುವಿನ ಬಾಗಿಲು ತೆರೆದೇ ಇರುತ್ತದೆ. ಆದರೂ ತಟ್ಟಿ.

ಇಂತಿ,
ನಿಮ್ಮ ದಾಖಲೆಯ ಪರಿತ್ಯಕ್ತೆ
(ಇನ್ನೂ ಬರೆಯಬೇಕೆಂದಿದ್ದೆ. ಪಕ್ಕದ ಮನೆಯವರು ಬಾಗಿಲು ತಟ್ಟುತ್ತಿದ್ದಾರೆ.)