ಸೌಟಿನಿಂದ ಪೊರಕೆಗೆ ಮರುಹೊಂದಾಣಿಕೆ

ಬಿಸಿಯೂಟದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಹೆಡತಲೆಯಿಂದ ಆಚೆಗಿರುವ ನಮ್ಮ ಸಣ್ಣ ಊರಿನ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ನನ್ನ ತಾಯಿ ಮಹದೇವಮ್ಮನ ಕೈಯಿಂದ ತಾವು ಸೌಟು ಕಿತ್ತುಕೊಂಡು ಪೊರಕೆ ಕೊಟ್ಟಿದ್ದೀರಿ. ಆದೇಶದಲ್ಲಿ ಅದನ್ನು ‘ಸಿಬ್ಬಂದಿಯ ತರ್ಕಬದ್ಧ ಮರುಹೊಂದಾಣಿಕೆ’ ಎಂದು ಕರೆದಿದ್ದೀರಿ. ಇಂಗ್ಲಿಷಿನಲ್ಲಿ ರ‍್ಯಾಷನಲೈಸೇಷನ್. ಟಿ. ನರಸೀಪುರದಲ್ಲಿ ನಾನು ಶಿಕ್ಷಕಿಯಾಗಲು ಟಿ.ಸಿ.ಎಚ್. ಓದುವಾಗ ಮನಶ್ಶಾಸ್ತ್ರದ ಪಾಠದಲ್ಲೂ ಇದೇ ಪದವಿತ್ತು. ಅಲ್ಲಿ ಅದರ ಅರ್ಥ, ಮಾಡಬಾರದ್ದನ್ನು ಮಾಡಿ ಆಮೇಲೆ ಅದಕ್ಕೊಂದು ಮರ್ಯಾದಸ್ಥ ಕಾರಣ ಹುಡುಕಿಕೊಳ್ಳುವುದು. ತಾವು ಯಾವ ಅರ್ಥದಲ್ಲಿ ಬಳಸಿದಿರಿ?

ಕಳೆದ ವರ್ಷ ಬಿಸಿಯೂಟ ಶುರುವಾದಾಗ ಅಮ್ಮ ನಂಜನಗೂಡಿನಲ್ಲಿ ಕೊಂಡ ಹೊಸ ಸೀರೆಯುಟ್ಟು ಶಾಲೆಗೆ ಹೋದಳು. ಕಂಡವರ ಗದ್ದೆಯಲ್ಲಿ ಕಳೆ ಕಿತ್ತು ಬದುಕಿದವಳಿಗೆ ಅದು ಮೊದಲ ನೌಕರಿ. ಅಂದು ಎಲ್ಲ ಮಕ್ಕಳೂ ಉಂಡರು, ಸಾರು ಕೇಳಿ ಹಾಕಿಸಿಕೊಂಡರು. ಬೇಯಿಸಿದವಳು ನಮ್ಮ ಕೇರಿಯವಳೆಂಬ ಸುದ್ದಿ ಸಂಜೆಗೆ ಮೇಲಿನ ಬೀದಿ ತಲುಪಿತು. ವಾರದೊಳಗೆ ಆ ಬೀದಿಯ ಮಕ್ಕಳು ಮನೆಯಿಂದ ಬುತ್ತಿ ತರತೊಡಗಿದರು.

ಯಾಕೆಂದು ಅಮ್ಮ ಆ ಬೀದಿಯ ಗುರುಬಸಮ್ಮನವರನ್ನು ಕೇಳಿದಳು. ಅವರ ಮನೆಯವರು ಉಣ್ಣುವ ಭತ್ತವನ್ನು ನೆಟ್ಟವಳೂ ಕೊಯ್ದವಳೂ ಅಮ್ಮನೇ. “ನಮ್ದೇನೂ ಇಲ್ಲ ಕಣವ್ವ,” ಎಂದರು ಅವರು. “ಐಕಳು ಒಲ್ಲೆ ಅಂತವೆ. ಒಡೆದು ಉಣ್ಸಕಾದದಾ?” ಮುಖ್ಯೋಪಾಧ್ಯಾಯರು ಇನ್ನೂ ವಿಚಾರವಂತರು. “ನಂಗೆ ಜಾತಿಗೀತಿ ಇಲ್ಲಮ್ಮ. ಬಿಪಿ ಇದೆ, ಹೊರಗಿನ ಉಪ್ಪು ಆಗಲ್ಲ.” ಕೊನೆಗೆ ತಾವೇ ಬಂದಿರಿ. “ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ಊರಲ್ಲಿ ಗಲಾಟೆ ಆದ್ರೆ ನಿಮಗೇ ತೊಂದರೆ,” ಎಂದಿರಿ. ಎಳನೀರು ಕುಡಿದಿರಿ, ಅಮ್ಮನ ಅಡುಗೆ ಉಣ್ಣಲಿಲ್ಲ. ಅಂದು ತಮಗೆ ಸೋಮವಾರದ ಒಪ್ಪತ್ತಂತೆ. ಎಲ್ಲರ ಬಳಿಯೂ ಕಾರಣವಿದೆ, ಕೆಟ್ಟವರು ಒಬ್ಬರೂ ಇಲ್ಲ. ಹಾಗಾದರೆ ಅಮ್ಮನನ್ನು ಅಡುಗೆಮನೆಯಿಂದ ಹೊರಗೆ ಹಾಕಿದವರು ಯಾರು?

ಈಗ ಮೇಲಿನ ಬೀದಿಯ ವಿಶಾಲಮ್ಮನವರು ಬೇಯಿಸುತ್ತಾರೆ, ಎಲ್ಲ ಮಕ್ಕಳೂ ಉಣ್ಣುತ್ತಾರೆ. ಅಮ್ಮ ಅಂಗಳ ಗುಡಿಸಿ, ಕಕ್ಕಸು ತೊಳೆದು, ಹೊಂಗೆ ಮರದಡಿ ಕೂತು ತಾನು ತಂದ ಮುದ್ದೆ ತಿನ್ನುತ್ತಾಳೆ. ಅನ್ನ ಬಡಿಸಬಾರದ ಕೈ ಅದೇ ಮಕ್ಕಳ ಕಕ್ಕಸು ತೊಳೆಯಬಹುದು ಎಂಬ ತರ್ಕವನ್ನು ನನಗೆ ಯಾವ ಗುರುಗಳೂ ಕಲಿಸಲಿಲ್ಲ.

ಇಷ್ಟಾದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಮೊನ್ನೆ ಊರಿಗೆ ಹೋದಾಗ ದೂರು ಕೊಡೋಣ ಎಂದೆ. ಅಮ್ಮ ಒಲೆ ಊದುತ್ತಲೇ ಹೇಳಿದಳು: “ಬ್ಯಾಡ ಬುಡು ಮಗ. ಅಲ್ಲಿ ಒಗೆಗೆ ಕಣ್ಣು ಉರೀತಿತ್ತು. ಅವ್ರು ಬುಡ್ಸಿದ್ದು ನಂಗೂ ಒಳ್ಳೇದೇ ಆಯ್ತು.”

ಮದುವೆಯಾಗಿ ಬಂದಂದಿನಿಂದ ಸೌದೆ ಒಲೆಯ ಹೊಗೆಯ ಮುಂದೆ ಕೂತವಳ ಮಾತಿದು. ತಮ್ಮೆಲ್ಲರ ಕಾರಣಗಳನ್ನು ಸಹಿಸಿಯೇನು. ಅಮ್ಮನೂ ಒಂದನ್ನು ಹುಡುಕಿಕೊಂಡಳಲ್ಲ, ಅದನ್ನು ಸಹಿಸಲಾರೆ.

ಅವಳ ಕೆಲಸ ಅವಳಿಗೆ ಮರಳಿಸಿ. ಅದಾಗದಿದ್ದರೆ ಆದೇಶವನ್ನು ತಿದ್ದಿ, ನಿಜವಾದ ಕಾರಣ ಬರೆದು, ರುಜು ಹಾಕಿ ಕಳಿಸಿ. ಅಮ್ಮನಿಗೆ ಓದು ಬಾರದು. ನಾನೇ ಪಕ್ಕದಲ್ಲಿ ಕೂತು ಓದಿ ಹೇಳುತ್ತೇನೆ. ತಪ್ಪು ತನ್ನದಲ್ಲವೆಂದು ಸರ್ಕಾರದ ಬಾಯಿಂದಲೇ ಅವಳು ಒಮ್ಮೆ ಕೇಳಲಿ.

ಇಂತಿ,
ಮಕ್ಕಳಿಗೆ ‘ಸತ್ಯ ಹೇಳಿ’ ಎಂದು ದಿನವೂ ಪಾಠ ಮಾಡಬೇಕಾದ,
ಸಂಘಮಿತ್ರಾ